ಬೇಕರ್ ಏರಿನಲ್ಲಿ ಗೇರ್‌ಬಾಕ್ಸ್ ಬಿಸಿ

ಲಾಸ್ ಏಂಜಲೀಸ್ ಕಡೆಯಿಂದ ಐ-15 ಹೆದ್ದಾರಿ ಹಿಡಿದು ಲಾಸ್ ವೇಗಸ್‌ಗೆ ಹೊರಟರೆ ನಡುವೆ ಮರುಭೂಮಿಯಲ್ಲಿ ಬೇಕರ್ ಅನ್ನೋ ಪುಟ್ಟ ಊರು ಸಿಗುತ್ತದೆ. ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಕಂಬ ನಿಲ್ಲಿಸಿದ್ದಾರೆ. 1913ರಲ್ಲಿ ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತಲ್ಲ, ಅದರ ನೆನಪಿಗೆ. ನಾವು ಹೋದ ಜುಲೈ ಮಧ್ಯಾಹ್ನ ಅದು 111 ತೋರಿಸುತ್ತಿತ್ತು. ಸೆಲ್ಸಿಯಸ್‌ನಲ್ಲಿ ಸುಮಾರು 44. ನನಗೆ ಅದಕ್ಕಿಂತ ಡ್ಯಾಶ್‌ಬೋರ್ಡಿನಲ್ಲಿದ್ದ ಗೇರ್‌ಬಾಕ್ಸ್ ಎಣ್ಣೆಯ ಬಿಸಿಯ ಅಂಕಿ ಮುಖ್ಯ. 192 ಡಿಗ್ರಿ ಫ್ಯಾರನ್‌ಹೀಟ್.

ಪಿಕಪ್ ಟ್ರಕ್ಕಿನ ಹಿಂದೆ ಎರಡೂವರೆ ಟನ್ನಿನ ಟ್ರೈಲರ್. ಪಕ್ಕದಲ್ಲಿ ಊರಿಂದ ಬಂದಿದ್ದ ಮಾವ, ಒಂದು ಕಾಲದಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಬೇಕರ್ ಇರುವುದು 900 ಅಡಿ ಎತ್ತರದಲ್ಲಿ. ಅಲ್ಲಿಂದ ಹ್ಯಾಲೊರನ್ ಶಿಖರಕ್ಕೆ, ಅಂದರೆ ಸುಮಾರು 4,000 ಅಡಿಗೆ, ಒಂದೇ ಸಮನೆ ಏರು. ಎಸಿ ಆಫ್ ಮಾಡಿ ಅಂತ ರಸ್ತೆಬದಿಯಲ್ಲೇ ಬೋರ್ಡಿದೆ. ಮಾಡಿದೆವು.

ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್ ಇದ್ದ ಹಾಗೆ, ನಡುವೆ ಗಾಳಿ ಬದಲು ಎಣ್ಣೆ. ಒಂದು ತಿರುಗಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸ ಜಾಸ್ತಿಯಾದಷ್ಟೂ ಎಣ್ಣೆ ಕಾಯುತ್ತದೆ. ಎರಡೂ ಒಂದಕ್ಕೊಂದು ಬೆಸೆದು ಲಾಕ್ ಆದರೆ ಈ ಜಾರಾಟವೇ ಇಲ್ಲ. ಸುಮ್ನೆ ಡ್ರೈವ್‌ನಲ್ಲಿ ಬಿಟ್ಟರೆ ಏರಿನಲ್ಲಿ ಗಾಡಿ ಐದು, ನಾಲ್ಕು, ಮತ್ತೆ ಐದು ಅಂತ ಗೇರ್ ಹುಡುಕುತ್ತಾ ಲಾಕ್ ಬಿಡುತ್ತಲೇ ಇರುತ್ತದೆ. ಹಾಗಾಗಿ ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಬಟನ್ ಒತ್ತಿ, ಮೂರನೇ ಗೇರಿಗೆ ಇಳಿಸಿ, ಗಂಟೆಗೆ 50 ಮೈಲಿ ವೇಗದಲ್ಲಿ ಹತ್ತಿಸಿದೆ. ಸುಮಾರು 3,000 ಆರ್‌ಪಿಎಂ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಆರ್‌ಪಿಎಂ ಮುಳ್ಳು ಹಾರಲಿಲ್ಲ. ಲಾಕ್ ಆಗಿದೆ ಅನ್ನೋದಕ್ಕೆ ಅದೇ ಗುರುತು.

ಹಿಂದಿನ ಸೀಟಿನಿಂದ ಹೆಂಡತಿಗೆ ಗಾಬರಿ. "ಇಂಜಿನ್ ಹೀಗೆ ಕಿರುಚ್ತಾ ಇದೆಯಲ್ರೀ!" ಉತ್ತರ ಮಾವನಿಂದ ಬಂತು. "ಕಿರುಚಲಿ ಬಿಡಮ್ಮ. ಘಾಟಿಯಲ್ಲಿ ದೊಡ್ಡ ಗೇರಲ್ಲಿ ಜಗ್ಗಿದರೆ ಮಾತ್ರ ಕಷ್ಟ." ನನಗೆ ವಿವರಿಸುವ ಅರ್ಧ ಕೆಲಸ ತಪ್ಪಿತು.

204ರಲ್ಲಿ ಅಂಕಿ ನಿಂತಿತ್ತು. ಅಷ್ಟರಲ್ಲಿ ಮುಂದೆ ಲೋಡ್ ಟ್ರಕ್ಕೊಂದು ತೆವಳುತ್ತಾ ಸಿಕ್ಕಿತು. ಟ್ರೈಲರ್ ಎಳೆಯುವವರು ಬಲಗಡೆಯ ಲೇನುಗಳಲ್ಲೇ ಇರಬೇಕು, ಪಕ್ಕದ ಲೇನಿನಲ್ಲಿ ಸಂದಿಯೇ ಇಲ್ಲ. ವೇಗ 25ಕ್ಕೆ ಬಿತ್ತು, ಲಾಕ್ ಬಿಟ್ಟಿತು. ಅಂಕಿ 210, 216, ಆಮೇಲೆ 224. ಎಣ್ಣೆಗೆ 175ರಿಂದ 200 ಹಿತ. ಅದರಾಚೆ ಪ್ರತಿ 20 ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧಕ್ಕರ್ಧ ಇಳಿಯುತ್ತದೆ ಅನ್ನೋದು ಮೆಕ್ಯಾನಿಕ್‌ಗಳ ಲೆಕ್ಕ. ಹ್ಯಾಲೊರನ್ ಸ್ಪ್ರಿಂಗ್ಸ್ ಎಕ್ಸಿಟ್ ಕಂಡಿದ್ದೇ ಹೊರಗೆ ತಿರುಗಿಸಿದೆ.

ಪಾರ್ಕ್‌ಗೆ ಹಾಕಿ, ಇಂಜಿನ್ 1,300ರಲ್ಲಿ ಹಿಡಿದು ಕೂತೆ. "ಆಫ್ ಮಾಡಿ ತಣ್ಣಗಾಗೋಕೆ ಬಿಡಬಾರದಾ?" ಅಂದರು ಮಾವ. ಎಣ್ಣೆಯನ್ನು ಕೂಲರ್‌ಗೆ ತಳ್ಳುವ ಪಂಪು ತಿರುಗುವುದು ಇಂಜಿನ್ನಿನಿಂದಲೇ. ಆಫ್ ಮಾಡಿದರೆ ಬಿಸಿ ಎಣ್ಣೆ ಇದ್ದಲ್ಲೇ ಕೂತಿರುತ್ತದೆ. ಅವರು ಕೆಳಗಿಳಿದು ಗ್ರಿಲ್ ಮುಂದೆ ಬಗ್ಗಿ ಕೂಲರ್ ಹುಡುಕಿದರು. ಅದರ ರೆಕ್ಕೆಗಳಲ್ಲಿ ಸಿಕ್ಕಿಕೊಂಡಿದ್ದ ಒಂದಷ್ಟು ಸತ್ತ ಚಿಟ್ಟೆಗಳನ್ನು ಕಡ್ಡಿಯಿಂದ ಕೆರೆದು ತೆಗೆದರು. ಅಂಕಿ 201ಕ್ಕೆ ಇಳಿದ ಮೇಲೆ ಹೊರಟೆವು.

ವಾಪಸ್ ಬರುವಾಗ ನೆವಾಡ ಗಡಿಯ ಪ್ರಿಮ್ ಊರು ದಾಟಿ ಮೌಂಟನ್ ಪಾಸ್ ಏರನ್ನು ಬೆಳಗಿನ ಜಾವವೇ ಹತ್ತಿದೆವು. ಅದೇ ಟ್ರೈಲರ್, ಅದೇ ಮೂರನೇ ಗೇರ್. 196 ದಾಟಲಿಲ್ಲ, ಅದೂ ಎಸಿ ಹಾಕಿಕೊಂಡು.