‘ಭಾಗಿಸಿ ನೋಡ್ರೋ’ ಅನ್ನುತ್ತಿದ್ದ ಮೇಷ್ಟ್ರು

ನಮ್ಮ ಕಾಲದಲ್ಲಿ ಪ್ರಬಂಧ ಸ್ಪರ್ಧೆ ಅಂದರೆ ಒಂದು ವಿಷಯ ಖಾಯಂ: ‘ಜನಸಂಖ್ಯಾ ಸ್ಫೋಟ’. ಶಾಲೆಯ ಮಟ್ಟಕ್ಕೂ ಅದೇ, ಜಿಲ್ಲಾ ಮಟ್ಟಕ್ಕೂ ಅದೇ. ಜನ ಹೆಚ್ಚುತ್ತಿದ್ದಾರೆ, ಅನ್ನ ಸಾಲದು, ನೀರು ಸಾಲದು ಅನ್ನುವ ಸಾಲುಗಳು ಎಲ್ಲರಿಗೂ ಬಾಯಿಪಾಠ. 1987ರ ಜುಲೈ 11ಕ್ಕೆ ಪ್ರಪಂಚದ ಜನ 500 ಕೋಟಿ ಮುಟ್ಟಿದರು ಅಂತ ವಿಶ್ವಸಂಸ್ಥೆ ಗುರುತಿಸಿತು. ನಾವಾಗ ಮಂಡ್ಯದಲ್ಲಿ ಒಂಬತ್ತನೇ ಕ್ಲಾಸು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ದೇಶದ ತುಂಬ ಬರ. ಹಾಗಾಗಿ ಪ್ರಬಂಧದ ಆ ಸಾಲುಗಳು ನಮಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸಿದ್ದವು.

ಆ ಹೆದರಿಕೆಯನ್ನು ಕಳೆದವರು ನಮ್ಮ ಲೆಕ್ಕದ ಮೇಷ್ಟ್ರು. ಊದುಬತ್ತಿಯ ಖಾಲಿ ಡಬ್ಬಿಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಇಟ್ಟುಕೊಂಡು ಬರುತ್ತಿದ್ದರು. ಜೇಬಿನ ಡೈರಿಯಲ್ಲಿ ಜನಗಣತಿಯ ಅಂಕಿಗಳು, ಬೆಳೆಯ ಅಂಕಿಗಳು, ಕೆಆರ್‌ಎಸ್ ಅಣೆಕಟ್ಟಿನ ನೀರಿನ ಮಟ್ಟ, ಎಲ್ಲ ಸಣ್ಣ ಅಕ್ಷರದಲ್ಲಿ. ಅವರು ‘ಹೆದರಬೇಡಿ’ ಅಂತ ಒಂದು ಸಲವೂ ಹೇಳಲಿಲ್ಲ. ‘ಭಾಗಿಸಿ ನೋಡ್ರೋ’ ಅಂದರು, ಅಷ್ಟೇ.

ಬೋರ್ಡಿನ ಎಡಗಡೆ ಬರೆದರು: 1951ರಲ್ಲಿ ದೇಶದ ಜನ 36 ಕೋಟಿ, ಆಹಾರಧಾನ್ಯ ಸುಮಾರು 5 ಕೋಟಿ ಟನ್. ಬಲಗಡೆ: 1981ರಲ್ಲಿ ಜನ 68 ಕೋಟಿ, ಧಾನ್ಯ ಸುಮಾರು 13 ಕೋಟಿ ಟನ್. ನಾವು ಸ್ಲೇಟಿನ ಕಾಲ ಮುಗಿಸಿ ನೋಟ್‌ಬುಕ್ಕಿಗೆ ಬಂದಿದ್ದವರು, ಆದರೂ ಅಷ್ಟೊಂದು ಸೊನ್ನೆ ನೋಡಿ ತಬ್ಬಿಬ್ಬಾದೆವು. ಕೊನೆಗೆ ಉತ್ತರ ಬಂತು. ಮೊದಲು ತಲೆಗೆ ವರ್ಷಕ್ಕೆ 140 ಕೆಜಿ ಹತ್ತಿರ ಬೆಳೆಯುತ್ತಿದ್ದೆವು. ಆಮೇಲೆ 190 ಕೆಜಿ. ಜನ ಹೆಚ್ಚುಕಡಿಮೆ ಎರಡರಷ್ಟಾಗಿದ್ದರು, ಧಾನ್ಯ ಎರಡೂವರೆಯಷ್ಟಾಗಿತ್ತು. ಯಾವ ಪ್ರಬಂಧದಲ್ಲೂ ಈ ಎರಡನೇ ಅಂಕಿ ಇರಲಿಲ್ಲ!

ಆಗ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. ‘ಊಟ ಜಾಸ್ತಿ ಸಿಕ್ಕರೆ ಜನ ಇನ್ನೂ ಜಾಸ್ತಿ ಆಗಲ್ವಾ ಸಾರ್?’ 1798ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ತಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಂತ ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಮೇಷ್ಟ್ರು ಅವತ್ತು ಮಾಲ್ತಸ್ ಹೆಸರೆತ್ತಲಿಲ್ಲ. ತಮ್ಮ ತಾಯಿಯ ಮಾತು ಹೇಳಿದರು. ಹೆತ್ತಿದ್ದು ಒಂಬತ್ತು, ಉಳಿದಿದ್ದು ನಾಲ್ಕು. ‘ನಾಲ್ಕು ಉಳಿಯಲಿ ಅಂತ ಒಂಬತ್ತು ಹೆತ್ತಳಮ್ಮಾ. ಉಳಿಯುತ್ತೆ ಅನ್ನೋ ಭರವಸೆ ಇದ್ದಿದ್ರೆ ಯಾಕೆ ಹೆರ್ತಿದ್ಳು?’ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ನಮ್ಮ ಅಜ್ಜಿಯರ ಮನೆಗಳಲ್ಲೂ ಇದೇ ಲೆಕ್ಕ ಇತ್ತಲ್ಲ.

ಆ ಉತ್ತರ ಸರಿಯಾಗಿತ್ತು ಅಂತ ಈಗ ಅಂಕಿಗಳೇ ಹೇಳುತ್ತಿವೆ. ಪ್ರಪಂಚದಲ್ಲಿ 1990ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಈಗ ಅದು 40ಕ್ಕಿಂತ ಕೆಳಗೆ ಬಂದಿದೆ. ಮಕ್ಕಳು ಉಳಿದಂತೆಲ್ಲ ಹೆರಿಗೆಗಳು ಕಡಿಮೆಯಾದವು. ಭಾರತದಲ್ಲಿ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಒಬ್ಬ ತಾಯಿಗೆ ಸರಾಸರಿ 3.4 ಮಕ್ಕಳು. 2019-21ರ ಸಮೀಕ್ಷೆಯಲ್ಲಿ 2.0. ಕರ್ನಾಟಕದಲ್ಲಿ 1.7. ಯಾರ ಬಲವಂತದಿಂದಲೂ ಇದು ಇಲ್ಲಿಗೆ ಬಂದು ನಿಂತಿಲ್ಲ. ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು, ಮದುವೆ ತಡವಾಯಿತು, ಲಸಿಕೆ ಊರೂರಿಗೆ ಬಂತು. ನಮ್ಮ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆದಿತ್ತು ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಅವತ್ತಿಗೆ ಅದು ಸಣ್ಣ ಧೈರ್ಯವಲ್ಲ.

ಅದೇ ವರ್ಷ ರಾಗಿ ತೆನೆಗಟ್ಟುವ ಕಾಲಕ್ಕೆ ಮೇಷ್ಟ್ರು ನಮ್ಮನ್ನು ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿಸಿ ಫಾರಂಗೆ ಕರೆದುಕೊಂಡು ಹೋದರು. ಸೈಕಲ್ ಇದ್ದವರು ಇಲ್ಲದವರನ್ನು ಹಿಂದೆ ಕೂರಿಸಿಕೊಂಡೆವು. ಅಲ್ಲಿ ತಾಕಿನೊಳಗೆ ಕೆಲವು ತೆನೆಗಳಿಗೆ ಕಾಗದದ ಚೀಲ ಕಟ್ಟಿದ್ದರು. ಅಲ್ಲಿನವರೊಬ್ಬರು ಒಂದು ತೆನೆ ಬಗ್ಗಿಸಿ, ಭೂತಗನ್ನಡಿ ಕೊಟ್ಟು, ಹೂ ತೋರಿಸಿದರು. ರಾಗಿಯ ಹೂ ಬರಿಗಣ್ಣಿಗೆ ಕಾಣುವುದೇ ಕಷ್ಟ. ಸಾಲದ್ದಕ್ಕೆ ತನ್ನ ಪರಾಗವನ್ನು ತಾನೇ ಹಿಡಿದುಕೊಂಡುಬಿಡುತ್ತದೆ. ಒಂದು ಗಿಡದ ಹೂವಿಗೆ ಇನ್ನೊಂದರ ಪರಾಗ ಕೂಡಿಸುವುದು ಅಂದರೆ ಎಂಥ ತಾಳ್ಮೆಯ ಕೆಲಸ ಅಂತ ಕನ್ನಡಿಯಲ್ಲಿ ನೋಡಿದಾಗಲೇ ಗೊತ್ತಾಗಿದ್ದು. ಆ ಕೆಲಸಕ್ಕೇ ಜೀವನ ಕೊಟ್ಟವರು ರಾಗಿ ಲಕ್ಷ್ಮಣಯ್ಯ. ನಮ್ಮ ನಾಡಿನ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಬೇರೆ ಖಂಡದ ರೈತರು ತಲೆತಲಾಂತರದಿಂದ ಉಳಿಸಿಕೊಂಡ ಬೀಜ ನಮ್ಮ ಮುದ್ದೆಗೆ ಬಂತು. ಪ್ರಪಂಚದ ಜನರೆಲ್ಲ ಒಂದು ಅನ್ನುವ ಮಾತನ್ನು ನಾನು ಆ ಹೊಲದಲ್ಲಿ ನಂಬಿದೆ.

ವಾಪಸು ಬರುವಾಗ ನಾಲೆಯ ಏರಿ ಮೇಲೆ ಕೂತು ಮೇಷ್ಟ್ರು ಧಾತು ಈಶ್ವರ ಸಂವತ್ಸರಗಳ ಬರದ ವಿಷಯ ಹೇಳಿದರು. 1876ರಿಂದ 78. ಮೈಸೂರು ಸಂಸ್ಥಾನದ ಜನ 1871ರಲ್ಲಿ 50 ಲಕ್ಷ ಇದ್ದವರು 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಯೋಚನೆ ಮಾಡಿ, ಇವತ್ತಿನ ಬೆಂಗಳೂರು ಒಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಜನ ಹೆಚ್ಚಾಗಿ ಬಂದ ಸಾವಲ್ಲ ಅದು. ದೊಡ್ಡ ಅಣೆಕಟ್ಟಿಲ್ಲ, ಸಾಕಷ್ಟು ನಾಲೆಗಳಿಲ್ಲ, ಧಾನ್ಯ ಸಾಗಿಸಲು ಸರಿಯಾದ ದಾರಿಯಿಲ್ಲ, ಹೊತ್ತಿಗೆ ಸರಿಯಾಗಿ ಕೈಹಿಡಿಯುವ ಸರ್ಕಾರವಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಾಲೆಯ ನೀರು ಮಂಡ್ಯ ಸೀಮೆಗೆ ಹರಿಯಿತು. ನಾವು ಕೂತಿದ್ದ ಏರಿಯೇ ಅದಕ್ಕೆ ಸಾಕ್ಷಿ.

ಅದೇ 1987ರಲ್ಲಿ ಇನ್ನೊಂದು ಸಂಗತಿ ನಡೆದಿತ್ತು, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ದೇಶಗಳು ಸೇರಿ ಓಜೋನ್ ಪದರ ಹಾಳುಮಾಡುವ ಅನಿಲಗಳನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಆಮೇಲೆ ಪ್ರಪಂಚದ ಎಲ್ಲ ದೇಶಗಳೂ ಒಪ್ಪಿದವು. ಈಗ ಓಜೋನ್ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುವ ಮಾತು ಬಂದಾಗ ‘ದೇಶದೇಶಗಳು ಎಲ್ಲಿ ಒಂದಾಗ್ತವೆ ಬಿಡಿ’ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಮ್ಮೆ ಆಗಿದ್ದಾವಲ್ಲ.

ಎಲ್ಲ ಸರಿಹೋಗಿದೆ ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನಾಲೆ ನಂಬಿದ ಬೆಳೆಗಳು ಬಾಡಿದವು. ಅದೇ ವರ್ಷ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಸುದ್ದಿ ಹೊರಬಂತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೆಣ್ಣುಮಕ್ಕಳು ಓದಿದ್ದರಿಂದಲೇ ಇಷ್ಟೆಲ್ಲ ಒಳ್ಳೆಯದಾಗಿದೆ, ಅಂಥದ್ದರಲ್ಲಿ ಅವರನ್ನೇ ಹುಟ್ಟಲು ಬಿಡದಿದ್ದರೆ ಹೇಗೆ? ಇದನ್ನು ನಾವೇ, ನಮ್ಮ ಮನೆಗಳಲ್ಲೇ ನಿಲ್ಲಿಸಬೇಕು. ನೀರಿನ ವಿಷಯದಲ್ಲಿ ದಾರಿಗಳು ಕಣ್ಣಮುಂದೆ ಇವೆ. ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಕಬ್ಬಿಗೆ ಹನಿ ನೀರಾವರಿ ಇದೆ. ನಾಲೆಯಲ್ಲಿ ನೀರು ಬಂದರೆ ಸುಮ್ನೆ ಹಾಯಿಸುವ ಅಭ್ಯಾಸ ನಾವು ಬಿಡಬೇಕು, ಅಲ್ವಾ?

ಮೇಷ್ಟ್ರು ಈಗಿಲ್ಲ. ಅವರ ಲೆಕ್ಕವನ್ನು ನಾನು ಮುಂದುವರಿಸಿದ್ದೇನೆ. 2023-24ರಲ್ಲಿ ದೇಶದ ಧಾನ್ಯ 33 ಕೋಟಿ ಟನ್ ಆಸುಪಾಸು, ಜನ 140 ಕೋಟಿ ದಾಟಿದ್ದರು. ಭಾಗಿಸಿದರೆ ತಲೆಗೆ 230 ಕೆಜಿ ಹತ್ತಿರ. 2022ರ ನವೆಂಬರ್ 15ಕ್ಕೆ ಪ್ರಪಂಚದ ಜನ 800 ಕೋಟಿ ಆದರು. ಬೆಳವಣಿಗೆಯ ವೇಗ ಮಾತ್ರ 1960ರ ದಶಕದಲ್ಲಿ ವರ್ಷಕ್ಕೆ ಶೇ 2 ದಾಟಿದ್ದದ್ದು ಈಗ ಶೇ 1ಕ್ಕಿಂತ ಕಡಿಮೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದ ಮಧ್ಯದಲ್ಲಿ ಸುಮಾರು 1030 ಕೋಟಿ ಮುಟ್ಟಿ, ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ಈಗ ಒಂಬತ್ತನೇ ಕ್ಲಾಸಿನಲ್ಲಿರುವ ನೀವು ಆಗ ಎಪ್ಪತ್ತು ದಾಟಿರುತ್ತೀರಿ. ನಡುವಿನ ಅಷ್ಟೂ ವರ್ಷದ ಊಟ, ನೀರು, ಕರೆಂಟು ನಿಮ್ಮ ಕೈಕೆಲಸ.

ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ. ಈ ವರ್ಷ ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನವರೆಲ್ಲ ವಿಸಿ ಫಾರಂಗೆ ಹೋಗಿಬರಲು ಬಸ್ಸಿನ ಖರ್ಚು ನಮ್ಮದು. ರಾಗಿ ಹೂ ಬಿಡುವ ಹೊತ್ತಿಗೇ ಹೋಗಬೇಕು. ಮುಖ್ಯೋಪಾಧ್ಯಾಯರು ಫಾರಂನವರನ್ನು ವಿಚಾರಿಸಿ ತಾರೀಕು ಗೊತ್ತುಮಾಡಲಿ. ಭೂತಗನ್ನಡಿಗಳನ್ನು ನಾವೇ ತರುತ್ತೇವೆ.