ಭರತದ ಹೊತ್ತಿಗೆ ಅಳಿವೆಯಲ್ಲಿ

17 ನವೆಂಬರ್ 2024, ಭಾನುವಾರ

ಹುಣ್ಣಿಮೆ ಕಳೆದು ಎರಡು ದಿನ. ಈಗ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಭರತ, ಅಂದರೆ ಕಡಲನೀರು ಪೂರ್ತಿ ಏರುವ ಹೊತ್ತು, ಇದ್ದದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಆದರೂ ಒಂಬತ್ತಕ್ಕೇ, ಹೊಳೆ ಕಡಲು ಸೇರುವ ಅಳಿವೆಯ ದಂಡೆಗೆ ಹೋಗಿ ಕೂತೆ. ಇಳಿತದಲ್ಲಿ ಕೆಸರುಬಯಲಿನ ತುಂಬ ಚದುರಿ ಮೇಯುವ ಹಕ್ಕಿಗಳು ನೀರು ಏರಿದಂತೆಲ್ಲ ಹಿಂದೆ ಸರಿಯುತ್ತ, ಕೊನೆಗೆ ಒಂದೇ ಮರಳದಿಣ್ಣೆಗೆ ಬಂದು ಸೇರುತ್ತವೆ. ಅರಸಿಕೊಂಡು ಹೋದರೆ ಹಾರಿಹೋಗುವವು, ಅಲುಗದೆ ಕೂತರೆ ತಾವಾಗಿ ಹತ್ತಿರ ಬರುತ್ತವೆ.

ಬೆಳಗ್ಗೆ ಬಿಸಿಲು ಚುರುಕಾಗಿತ್ತು. ಗಂಡು ಫಿಡ್ಲರ್ ಏಡಿಗಳು ತಮ್ಮ ಒಂದು ದೊಡ್ಡ ಇಕ್ಕಳವನ್ನು ಎತ್ತಿ ಎತ್ತಿ ಬೀಸುತ್ತಿದ್ದವು. ವಿಂಬ್ರೆಲ್ ಹಕ್ಕಿಯೊಂದು ತನ್ನ ಬಾಗಿದ ಕೊಕ್ಕನ್ನು ಬಿಲಕ್ಕೆ ತೂರಿಸಿ ಏಡಿಯನ್ನು ಎಳೆದು, ಕೊಡವಿ, ಇಡಿಯಾಗಿ ನುಂಗಿತು. ಅಲೆಯಂಚಿನಲ್ಲಿ ಸ್ಯಾಂಡರ್ಲಿಂಗ್ ಎಂಬ ಪುಟ್ಟ ಹಕ್ಕಿಗಳ ಓಡಾಟ. ಅವುಗಳಿಗೆ ಹಿಂಬೆರಳೇ ಇಲ್ಲ, ಒದ್ದೆ ಮರಳಿನ ಹೆಜ್ಜೆಗುರುತಿನಲ್ಲಿ ಮುಂದಿನ ಮೂರು ಬೆರಳು ಮಾತ್ರ ಮೂಡಿದ್ದವು.

ಹನ್ನೊಂದರ ಹೊತ್ತಿಗೆ ಪಡುವಣ ಕಪ್ಪಿಟ್ಟಿತು. ಮೊದಲು ಗಾಳಿ, ಹಿಂದೆಯೇ ದಪ್ಪ ಹನಿಗಳು. ದಿಣ್ಣೆಯ ಮೇಲೆ ಎತ್ತೆತ್ತಲೋ ಮುಖಮಾಡಿ ನಿಂತಿದ್ದ ಕಡಲಕ್ಕಿಗಳು, ರೀವಗಳು, ಪ್ಲೋವರ್‌ಗಳು, ಉದ್ದ ಕೊಕ್ಕಿನ ಗಾಡ್ವಿಟ್‌ಗಳು ಎಲ್ಲ ಒಮ್ಮೆಗೇ ಗಾಳಿಗೆ ಎದುರಾಗಿ ತಿರುಗಿದವು. ಗಾಳಿ ಹಿಂದಿನಿಂದ ಬಡಿದರೆ ಗರಿ ಕೆದರಿ ಮೈಯ ಬಿಸಿ ಸೋರಿಹೋಗುತ್ತದೆ. ಬೈನಾಕ್ಯುಲರ್ ಮಂಜಾಗಿ ಏನೂ ಕಾಣದಾದಾಗ ಬರಿಗಣ್ಣಲ್ಲೇ ನೋಡುತ್ತ ಕೂತೆ. ನನಗಂತೂ ಇಡೀ ದಿನದಲ್ಲಿ ಇದೇ ಚಂದ.

ಇಂಥ ಗುಂಪಿನತ್ತ ಹಾರಾಟದ ಫೋಟೊಕ್ಕೆಂದು ಓಡಿಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 2022ರಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಐದು ತಿಂಗಳ ಬಾರ್-ಟೇಲ್ಡ್ ಗಾಡ್ವಿಟ್ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ದೂರವನ್ನು 11 ದಿನಗಳಲ್ಲಿ, ಎಲ್ಲೂ ಇಳಿಯದೆ ಹಾರಿತ್ತು. ಅಂಥ ಪಯಣಕ್ಕೆ ಬೇಕಾದ ಕೊಬ್ಬು ಕೂಡುವುದು ಇಂಥ ಕೆಸರಿನಲ್ಲೇ, ಹುಳು ಹುಳುವಾಗಿ. ಸುಮ್ಮಸುಮ್ಮನೆ ಎಬ್ಬಿಸಿದರೆ ಕರಗುವುದೂ ಅದೇ ಕೊಬ್ಬು.

ಮಳೆ ಅರ್ಧ ಗಂಟೆಯಲ್ಲಿ ನಿಂತಿತು. ಅಳಿವೆಯ ಬಾಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳೆರಡು ಒಂದರ ಹಿಂದೊಂದು ಬೆನ್ನು ತೋರಿಸಿದವು. ಏರುವ ನೀರಿನ ಜೊತೆ ಒಳಬರುವ ಮೀನಿಗೆ ಅವು ಅಲ್ಲಿ ಕಾಯುತ್ತಿದ್ದಿರಬೇಕು. ಮತ್ತೊಮ್ಮೆ ಕಾಣಲಿಲ್ಲ.

ಅಷ್ಟರಲ್ಲಿ ಬಿಸಿಲು ಬಂತು. ಹಕ್ಕಿಗಳು ಮೈಕೊಡವಿ ಗರಿ ತೀಡತೊಡಗಿದವು. ಮಳೆಯುದ್ದಕ್ಕೂ ಒಂಟಿಕಾಲಲ್ಲಿ ನಿಂತಿದ್ದ ಗಾಡ್ವಿಟ್ ಒಂದು, ಹೊಟ್ಟೆಯ ಗರಿಯೊಳಗೆ ಅಡಗಿಸಿಟ್ಟಿದ್ದ ಬಲಗಾಲನ್ನು ಬಲರೆಕ್ಕೆಯ ಜೊತೆಗೇ ಚಾಚಿ ಮೈಮುರಿಯಿತು. ಆ ಕಾಲಿನ ಮೇಲ್ಭಾಗದಲ್ಲಿ ಒಂದರ ಕೆಳಗೊಂದು ಎರಡು ಬಣ್ಣದ ಪಟ್ಟಿ! ಬಣ್ಣಗಳ ಜೋಡಿಯಿಂದ ಹಕ್ಕಿಗೆ ಪಟ್ಟಿ ಕಟ್ಟಿದ ಪ್ರದೇಶ ತಿಳಿಯುತ್ತದೆ, ಪಟ್ಟಿಯ ಮೇಲಿನ ಅಕ್ಷರಗಳಿಂದ ಹಕ್ಕಿ ಯಾವುದೆಂದು. ಮೂರು ಅಕ್ಷರಗಳಲ್ಲಿ ನಡುವಿನದಕ್ಕೆ ಕೆಸರು ಮೆತ್ತಿಕೊಂಡಿತ್ತು. ಎದ್ದು ಮುಂದೆ ಹೋಗಬೇಕೆಂಬ ಆಸೆಯನ್ನು ತಡೆದುಕೊಂಡೆ. ನೀರು ಇನ್ನೂ ಏರಿ ದಿಣ್ಣೆಯಂಚನ್ನು ಮುಟ್ಟಿದಾಗ ಅದು ತಾನೇ ನಾಲ್ಕು ಹೆಜ್ಜೆ ನೀರಿಗಿಳಿದು ನಿಂತಿತು. ಕೆಸರು ತೊಳೆದುಹೋಗಿ ಮೂರೂ ಅಕ್ಷರ ಕಂಡವು.

ಸಂಜೆ ಬಣ್ಣಗಳ ಕ್ರಮ, ಅಕ್ಷರ, ಯಾವ ಕಾಲು, ಎಷ್ಟು ಹೊತ್ತಿಗೆ ಎಂದೆಲ್ಲ ಬರೆದು, ಹಕ್ಕಿಗಳ ಜಾಡು ತಿಳಿಯಲೆಂದು ಅವುಗಳ ಕಾಲಿಗೆ ಇಂಥ ಪಟ್ಟಿ, ಉಂಗುರ ತೊಡಿಸುವವರಿಗೆ ಕಳಿಸಿದ್ದೇನೆ. ಆ ಹಕ್ಕಿ ಎಲ್ಲಿಂದ ಹೊರಟಿತ್ತೆಂದು ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇನೆ.