ವಿಕನ್‌ಬರ್ಗ್‌ನಿಂದ ವೇಗಸ್‌ವರೆಗೆ: ಟೀಮ್ ರೋಪಿಂಗ್ ನೋಡಲು ಹೊರಟವರಿಗೆ

ಅಪ್ಪ ಅಮ್ಮ ಹಾನಗಲ್ ಕಡೆಯಿಂದ ಅರಿಜೋನಾದ ಚಾಂಡ್ಲರ್‌ಗೆ ಬಂದು ಮೂರು ವಾರವಾಗಿತ್ತು. ಗ್ರ್ಯಾಂಡ್ ಕ್ಯಾನಿಯನ್ ಆಯಿತು, ದೇವಸ್ಥಾನ ಆಯಿತು, ಕಾಸ್ಟ್‌ಕೋ ನಾಲ್ಕು ಸಲ ಆಯಿತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಅಪ್ಪ ಕೇಳಿದರು, "ಇಷ್ಟ ದೊಡ್ಡ ಊರಾಗ ಒಂದು ದನದ ಮಾರಿ ಕಾಣವಲ್ದಲ್ಲೋ?" ಹುಟ್ಟಿದಾಗಿನಿಂದ ಎತ್ತುಗಳ ಜೊತೆ ಬದುಕಿದವರು ಅವರು. ಆ ಮಾತು ಮನಸ್ಸಿಗೆ ತಾಕಿತು.

ನಮ್ಮ ಆಫೀಸಿನ ಗೆಳೆಯನೊಬ್ಬ ಶುಕ್ರವಾರ ಮಧ್ಯಾಹ್ನವೇ ಕುದುರೆ ಟ್ರೇಲರ್ ಕಟ್ಟಿಕೊಂಡು ವಿಕನ್‌ಬರ್ಗ್‌ಗೆ ಓಡುತ್ತಾನೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವನು ಶನಿವಾರ ಅಲ್ಲಿ ಟೀಮ್ ರೋಪಿಂಗ್ ಆಟದಲ್ಲಿ ಹಗ್ಗ ಬೀಸುತ್ತಾನೆ. ಅವನನ್ನು ಕೇಳಿದೆ. "ಅಪ್ಪನನ್ನು ಕರೆದುಕೊಂಡು ಬಾ, ನಾನು ತೋರಿಸುತ್ತೇನೆ" ಅಂದ. ಹಾಗೆ ಶುರುವಾದ ಪ್ರವಾಸ ವಿಕನ್‌ಬರ್ಗ್‌ನಲ್ಲಿ ಎರಡು ದಿನ, ಆಮೇಲೆ ಲಾಸ್ ವೇಗಸ್‌ನಲ್ಲಿ ಎರಡು ದಿನ ಆಯಿತು. ಡಿಸೆಂಬರ್‌ನಲ್ಲಿ ಊರಿನಿಂದ ಹಿರಿಯರು ಬಂದಿದ್ದರೆ ನೀವೂ ಹೋಗಿ ಬನ್ನಿ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಇಬ್ಬರು ಸವಾರರು, ಒಂದು ಸ್ಟಿಯರ್, ಅಂದರೆ ಬೀಜ ಒಡೆದ ಎಳೆ ಹೋರಿ. ಕಬ್ಬಿಣದ ಗೂಡಿನಿಂದ ಅದನ್ನು ಬಿಡುತ್ತಾರೆ. ಎಡಗಡೆ ನಿಂತವನು ಹೆಡರ್, ಬಲಗಡೆ ನಿಂತವನು ಹೀಲರ್. ಹೆಡರ್ ಮೊದಲು ಕುಣಿಕೆಯನ್ನು ಕೊಂಬಿಗೆ ಹಾಕುತ್ತಾನೆ. ಹಗ್ಗವನ್ನು ಜೀನಿನ ಮುಂದಿನ ಗೂಟಕ್ಕೆ ಸುತ್ತಿ ಸ್ಟಿಯರನ್ನು ಎಡಕ್ಕೆ ತಿರುಗಿಸುತ್ತಾನೆ. ಅದು ಕುಪ್ಪಳಿಸುತ್ತಾ ಹೋಗುವಾಗ ಹೀಲರ್ ಹಿಂಗಾಲು ಎರಡನ್ನೂ ಕುಣಿಕೆಗೆ ಸಿಕ್ಕಿಸಬೇಕು. ಎರಡೂ ಹಗ್ಗ ಬಿಗಿಯಾಗಿ, ಎರಡೂ ಕುದುರೆ ಎದುರುಬದುರು ನಿಂತ ಕ್ಷಣ ಬಾವುಟದವನು ಕೈ ಇಳಿಸುತ್ತಾನೆ, ಗಡಿಯಾರ ನಿಲ್ಲುತ್ತದೆ. ಹವ್ಯಾಸಿಗಳಿಗೆ ಏಳೆಂಟು ಸೆಕೆಂಡು ಬಂದರೆ ಒಳ್ಳೆಯ ಓಟ. ಒಂದೇ ಕಾಲು ಸಿಕ್ಕರೆ 5 ಸೆಕೆಂಡು ದಂಡ. ಸ್ಟಿಯರ್‌ಗೆ ಕೊಡಬೇಕಾದ ಮುನ್ನಡೆ ಕೊಡದೆ ಹೆಡರ್ ಮೊದಲೇ ನುಗ್ಗಿದರೆ 10 ಸೆಕೆಂಡು ಸೇರುತ್ತದೆ.

ಇದು ಆಟಕ್ಕಾಗಿ ಹುಟ್ಟಿದ್ದಲ್ಲ. ಬಯಲಿನಲ್ಲಿ ದೊಡ್ಡ ದನಕ್ಕೆ ಔಷಧ ಹಾಕಬೇಕು, ಮುದ್ರೆ ಒತ್ತಬೇಕು ಅಂದರೆ ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಇಬ್ಬರು ಸೇರಿ ಹಿಡಿಯುತ್ತಿದ್ದರು. ಇದನ್ನು ಹೇಳಿದಾಗ ಅಪ್ಪ ತಲೆ ಆಡಿಸಿದರು. ಲಾಳ ಕಟ್ಟಲು ಎತ್ತು ಕೆಡವುವಾಗ ನಾಲ್ಕು ಜನ ಬೇಕಾಗುತ್ತಿದ್ದದ್ದು ನೆನಪಾಯಿತಂತೆ.

ವಿಕನ್‌ಬರ್ಗ್ ಫೀನಿಕ್ಸ್‌ನಿಂದ ವಾಯವ್ಯಕ್ಕೆ ಸುಮಾರು 55 ಮೈಲಿ. ನಮಗೆ ಚಾಂಡ್ಲರ್‌ನಿಂದ ಲೂಪ್ 303 ಹಿಡಿದು, ಯುಎಸ್ 60ರಲ್ಲಿ ಹೋಗಿ ಒಂದೂಮುಕ್ಕಾಲು ಗಂಟೆ ಆಯಿತು. 1863ರಲ್ಲಿ ಹತ್ತಿರದ ವಲ್ಚರ್ ಗಣಿಯಲ್ಲಿ ಚಿನ್ನ ಸಿಕ್ಕಾಗ ಹುಟ್ಟಿದ ಸಣ್ಣ ಊರು. ಈಗ ಚಳಿಗಾಲದಲ್ಲಿ ಇಲ್ಲಿ ಹಗ್ಗದ್ದೇ ರಾಜ್ಯ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಉತ್ತರದ ಹಿಮ ಬೀಳುವ ರಾಜ್ಯಗಳಿಂದ, ಕೆನಡಾದಿಂದ ರೋಪರ್‌ಗಳು ಕುದುರೆ ಸಮೇತ ಬಂದು ಇಳಿಯುತ್ತಾರೆ. ಮುಂದೆ ಮನೆ, ಹಿಂದೆ ಕುದುರೆ, ಎರಡೂ ಒಂದೇ ಟ್ರೇಲರ್‌ನಲ್ಲಿ. ಇಲ್ಲಿಯ ಅಖಾಡಗಳಲ್ಲಿ ಸೀಸನ್‌ನಲ್ಲಿ ವಾರದ ದಿನವೂ ಸ್ಪರ್ಧೆ ಇರುತ್ತದೆ. ನಾವು ಹೋದ ಕಡೆ ನೋಡುವವರಿಗೆ ಟಿಕೆಟ್ ಇರಲಿಲ್ಲ. ಸುಮ್ನೆ ಹೋಗಿ ಬೆಂಚಿನ ಮೇಲೆ ಕೂತೆವು.

ಎಲ್ಲಿ ಕೂರಬೇಕು ಅನ್ನುವುದು ಮುಖ್ಯ. ನಾವು ಮೊದಲ ಅರ್ಧ ಗಂಟೆ ಬಲಗಡೆ ಕೂತು ಏನೂ ಅರ್ಥವಾಗದೆ ಧೂಳು ನೋಡಿದೆವು. ಸ್ಟಿಯರ್ ಹೊರಡುವ ಗೂಡಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ಎಡಗಡೆ ಬರುವ ಬೇಲಿ, ಅದರ ನಡುಭಾಗದಲ್ಲಿ ಕೂರಿ. ಹೆಡರ್ ಎಡಕ್ಕೆ ತಿರುಗಿಸುವುದರಿಂದ ಹಿಂಗಾಲಿಗೆ ಹಗ್ಗ ಬೀಳುವುದು ನಿಮ್ಮ ಕಣ್ಣೆದುರೇ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತಲೂ ನೋಡಿ. ಅರಿಜೋನಾದ ಧೂಳಿನಲ್ಲಿ ವ್ಯಾಲಿ ಫೀವರ್ ತರುವ ಶಿಲೀಂಧ್ರ ಇರಬಹುದು. ವಯಸ್ಸಾದವರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಗಾಳಿಯ ದಿನ ಮಾಸ್ಕ್ ಹಾಕಲೇಬೇಕು. ಅಮ್ಮನಿಗೆ ನಾನು ಒತ್ತಾಯ ಮಾಡಿ ಹಾಕಿಸಿದೆ.

ಈಗ ನಂಬರ್ ವಿಷಯ. ಇದು ಅರ್ಥವಾದ ಮೇಲೆ ನಮ್ಮ ಮನೆಯವರು ಯಾರೂ ಎದ್ದು ಬರಲೇ ಇಲ್ಲ. ಪ್ರತಿ ರೋಪರ್‌ಗೂ ಅವನ ಕೈಚಳಕ ನೋಡಿ ಒಂದು ಅಂಕಿ ಕೊಟ್ಟಿರುತ್ತಾರೆ. ಹೊಸಬರಿಗೆ 1 ಅಥವಾ 2, ದೊಡ್ಡ ವೃತ್ತಿಪರರಿಗೆ 9, 10. ಒಂದು ವಿಭಾಗಕ್ಕೆ ಹೆಸರು ಕೊಡಲು ಇಬ್ಬರ ಅಂಕಿ ಕೂಡಿಸಿದಾಗ ಅದು ಮಿತಿಯ ಒಳಗಿರಬೇಕು. ಮಿತಿ 10 ಅಂದರೆ 6ರವನು 4ರವನ ಜೊತೆ ಸೇರಬಹುದು, 7ರವನು 3ರವಳ ಜೊತೆ ಸೇರಬಹುದು. ಇಂಥ ವಿಭಾಗಗಳಲ್ಲಿ ಹೆಂಗಸರು ಗಂಡಸರು ಅಂತ ಬೇರೆ ಪಂಕ್ತಿ ಇಲ್ಲ. ನಾವು ನೋಡಿದ ದಿನ ಎಪ್ಪತ್ತು ದಾಟಿದ ಅಜ್ಜ ಹದಿನಾಲ್ಕರ ಮೊಮ್ಮಗಳ ಜೊತೆ ಇಳಿದಿದ್ದರು. ಅಜ್ಜ ಕೊಂಬಿಗೆ ಹಾಕುತ್ತಾರೆ, ಹುಡುಗಿ ಕಾಲಿಗೆ. ಬೇರೆ ಯಾವ ಆಟದಲ್ಲಿ ಇದು ಸಾಧ್ಯ ಹೇಳಿ? ಗೆದ್ದರೆ ಅಂಕಿ ಏರುತ್ತದೆ. ಹಾಗಾಗಿ ಇವರ ಹರಟೆಯೆಲ್ಲ ಅದೇ: ಯಾರ ನಂಬರ್ ಏರಿತು, ಯಾರದ್ದು ಇಳಿಯಿತು.

ಈ ಲೆಕ್ಕವನ್ನು ದೇಶದ ತುಂಬಾ ಹಬ್ಬಿಸಿದವರು ಡೆನ್ನಿ ಜೆಂಟ್ರಿ. 1990ರಲ್ಲಿ ಯುಎಸ್ ಟೀಮ್ ರೋಪಿಂಗ್ ಚಾಂಪಿಯನ್‌ಶಿಪ್ಸ್ ಶುರು ಮಾಡಿದರು, 2006ರಲ್ಲಿ ವರ್ಲ್ಡ್ ಸೀರೀಸ್ ಆಫ್ ಟೀಮ್ ರೋಪಿಂಗ್. ಅದಕ್ಕೂ ಮೊದಲು ಹವ್ಯಾಸಿಗಳು ತಮಗಿಂತ ತುಂಬಾ ಮೇಲಿನವರ ಎದುರು ದುಡ್ಡು ಕಟ್ಟಿ ಸೋತು ಬರುವುದೇ ಜಾಸ್ತಿ. ಈಗ ಗ್ಯಾರೇಜು ನಡೆಸುವವನು, ಹಲ್ಲಿನ ಡಾಕ್ಟರು, ಶಾಲೆಯ ಟೀಚರು ವರ್ಷವಿಡೀ ಅಲ್ಲಲ್ಲಿ ಅರ್ಹತಾ ಸ್ಪರ್ಧೆ ಆಡಿ, ಡಿಸೆಂಬರ್‌ನ ವೇಗಸ್ ಫೈನಲ್ಸ್‌ಗೆ ಜಾಗ ಗಿಟ್ಟಿಸುತ್ತಾರೆ. ಅಲ್ಲಿಯ ಒಟ್ಟು ಬಹುಮಾನ 1 ಕೋಟಿ ಡಾಲರ್ ದಾಟಿದೆ.

ನನ್ನ ಗೆಳೆಯ 4ರ ಹೀಲರ್. ಆ ಶನಿವಾರ ಆರು ಬೇರೆ ಬೇರೆ ಜೊತೆಗಾರರೊಂದಿಗೆ ಹೆಸರು ಕೊಟ್ಟಿದ್ದ. ಹಾಗೆ ಮಾಡಬಹುದು. ಆರರಲ್ಲಿ ಒಂದೇ ಜೋಡಿ ಕೊನೆಯ ಸುತ್ತಿಗೆ ಹೋಯಿತು. ಕೊನೆಯ ಸುತ್ತನ್ನು ತಪ್ಪಿಸಬೇಡಿ. ಆವರೆಗಿನ ಸುತ್ತುಗಳ ಸಮಯ ಕೂಡಿಸಿ ನೋಡಿದರೆ ಹಿಂದೆ ಇರುವವರು ಅಲ್ಲಿ ಮೊದಲು ಓಡುತ್ತಾರೆ, ಎಲ್ಲರಿಗಿಂತ ಮುಂದಿರುವ ಜೋಡಿ ಕೊನೆಗೆ. ಬೆಳಿಗ್ಗೆಯಿಂದ ಗದ್ದಲವಿದ್ದ ಅಖಾಡ ಆಗ ತಣ್ಣಗಾಗುತ್ತದೆ. ಗೆಲ್ಲಲು ಕೊನೆಯ ಜೋಡಿಗೆ ಹನ್ನೊಂದು ಸೆಕೆಂಡು ಸಾಕಿತ್ತು. ಕೊಂಬಿಗೆ ಹಗ್ಗ ಬಿತ್ತು, ತಿರುಗಿತು, ಹೀಲರ್‌ನ ಕುಣಿಕೆ ಕಾಲಿನ ಕೆಳಗೆ ಖಾಲಿ ಜಾರಿ ಹೋಯಿತು. ಅಷ್ಟೇ. ಅಪ್ಪ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, "ಅವಸರ ಮಾಡಿದ. ಇನ್ನೊಂದು ಹೆಜ್ಜಿ ಕಾಯಬೇಕಿತ್ತು" ಅಂದರು. ಗೆಳೆಯನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅಪ್ಪನ ಕೈ ಕುಲುಕಿ, "ಇದನ್ನೇ ಕಲಿಯುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು" ಅಂದ.

ಹೋರಿ ಹಬ್ಬದ ನಾಡಿನವರಿಗೆ ಈ ಕಣ್ಣು ಇರುತ್ತದೆ. ಆದರೆ ನಮ್ಮ ಕಡೆಯ ಕೊಬ್ಬರಿ ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. ಇಲ್ಲಿ ಸ್ಟಿಯರ್‌ಗೆ ಹೆಸರಿಲ್ಲ, ಹೆಸರೆಲ್ಲ ಕುದುರೆಗೆ. ಅಮ್ಮನಿಗೆ ಇದು ಬೇಸರ ತಂದಿತು. ಮಗಳು "ಅದಕ್ಕೆ ನೋವಾಗಲ್ವಾ ಅಜ್ಜ?" ಅಂತ ಕೇಳಿದಳು. ನಿಮ್ಮ ಮಕ್ಕಳೂ ಕೇಳುತ್ತಾರೆ, ತಯಾರಾಗಿ ಹೋಗಿ. ಕೊಂಬಿನ ಬುಡಕ್ಕೆ, ಕಿವಿಗೆ ಹಗ್ಗ ಉಜ್ಜದ ಹಾಗೆ ಪಟ್ಟಿ ಕಟ್ಟಿರುತ್ತಾರೆ. ಬಾವುಟ ಇಳಿದ ತಕ್ಷಣ ಹಗ್ಗ ಸಡಿಲಿಸುತ್ತಾರೆ. ಆದರೂ ಎಳೆತ ಬಿರುಸಾಗಿಯೇ ಇರುತ್ತದೆ, ಕೆಲವು ಸಲ ಸ್ಟಿಯರ್ ಬೀಳುತ್ತದೆ. ನಾನು ಮಗಳಿಗೆ ಇದನ್ನು ಮುಚ್ಚಿಡಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, ಆಮೇಲೆ ಕುದುರೆಗಳ ಕಡೆ ಹೋದಳು.

ಕುದುರೆ ಹತ್ತಿರ ಹೋಗುವಾಗ ಒಡೆಯರನ್ನು ಕೇಳಿಯೇ ಹೋಗಿ. ಹಿಂದಿನಿಂದ ಹಾಯಬೇಡಿ. ಸವಾರರು ಗೂಡಿನ ಪಕ್ಕ ಸಜ್ಜಾಗಿ ನಿಂತಾಗ ಛತ್ರಿ ಬಿಚ್ಚುವುದು, ಬೇಲಿ ಹತ್ತುವುದು ಬೇಡ. ಹಗ್ಗವನ್ನು ಮುಟ್ಟಿ ನೋಡಬೇಕೆಂದರೆ ಅವರೇ ಸಂತೋಷದಿಂದ ಕೊಡುತ್ತಾರೆ. ಹೀಲರ್‌ನ ಹಗ್ಗ ಉದ್ದ, ಹೆಡರ್‌ನದಕ್ಕಿಂತ ಬಿರುಸು. ಹಗ್ಗವನ್ನು ಗೂಟಕ್ಕೆ ಸುತ್ತುವಾಗ ಹೆಬ್ಬೆರಳು ನಡುವೆ ಸಿಕ್ಕರೆ ಹೋಯಿತು. ಏಳು ಸಲ ವಿಶ್ವ ಚಾಂಪಿಯನ್ ಆದ ಜೇಕ್ ಬಾರ್ನ್ಸ್ ಕೂಡ 2005ರಲ್ಲಿ ವೇಗಸ್‌ನ ನ್ಯಾಷನಲ್ ಫೈನಲ್ಸ್ ರೋಡಿಯೋ (ವೃತ್ತಿಪರ ಕೌಬಾಯ್‌ಗಳ ವರ್ಷದ ಕೊನೆಯ ಸ್ಪರ್ಧೆ) ನಡುವೆಯೇ ಹೆಬ್ಬೆರಳು ಕಳೆದುಕೊಂಡರು. ಇದನ್ನು ಕೇಳಿದ ಮೇಲೆ ಅಮ್ಮ, ಮೊಮ್ಮಗಳು ಹಗ್ಗ ಹಿಡಿದಾಗಲೆಲ್ಲ ಪಕ್ಕದಲ್ಲೇ ನಿಂತರು.

ಊಟ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಿ. ಅಖಾಡದ ಕ್ಯಾಂಟೀನಿನಲ್ಲಿ ಬರ್ಗರು, ಬ್ರಿಸ್ಕೆಟ್, ಎಲ್ಲ ದನದ್ದೇ. ಬೀನ್ಸ್ ಬರಿಟೋ ಸಿಕ್ಕರೂ ಬೇಯಿಸುವಾಗ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿ. ಅಮ್ಮ ಮಾಡಿದ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಎರಡು ದಿನ ನಮ್ಮನ್ನು ಕಾಪಾಡಿತು. ಗೆಳೆಯನೂ ಎರಡು ಚಪಾತಿ ಸುರುಳಿ ಸುತ್ತಿಕೊಂಡು ಕುದುರೆ ಮೇಲೆಯೇ ತಿಂದ. ಡಿಸೆಂಬರ್ ಬೆಳಗು ಗಡಗಡ ನಡುಗಿಸುತ್ತದೆ, ಮಧ್ಯಾಹ್ನ ಸ್ವೆಟರ್ ತೆಗೆಯಬೇಕಾಗುತ್ತದೆ. ಟೋಪಿ, ಬೂಟು ಇರಲಿ. ಚಪ್ಪಲಿ ಬೇಡವೇ ಬೇಡ.

ಅಲ್ಲಿಂದ ವೇಗಸ್‌ಗೆ ಯುಎಸ್ 93ರಲ್ಲಿ ಸುಮಾರು 240 ಮೈಲಿ. ಜೋಶುವಾ ಮರಗಳ ನಡುವೆ ದಾರಿ ಚೆನ್ನಾಗಿದೆ, ಆದರೆ ಪೆಟ್ರೋಲ್ ಬಂಕು ಕಡಿಮೆ. ವಿಕನ್‌ಬರ್ಗ್‌ನಲ್ಲೇ ಟ್ಯಾಂಕ್ ತುಂಬಿಸಿ. ಕಿಂಗ್‌ಮನ್‌ನಲ್ಲಿ ಕಾಲು ಚಾಚಿ, ಹೂವರ್ ಡ್ಯಾಮ್ ನೋಡಿಕೊಂಡು ಹೋದೆವು. ಚಳಿಗಾಲದಲ್ಲಿ ನೆವಾಡಾ ಸಮಯ ಅರಿಜೋನಾಗಿಂತ ಒಂದು ಗಂಟೆ ಹಿಂದೆ, ಹಾಗಾಗಿ ಹೋಗುವಾಗ ಒಂದು ಗಂಟೆ ಲಾಭ.

ವರ್ಲ್ಡ್ ಸೀರೀಸ್ ಫೈನಲ್ಸ್ ನಡೆಯುವುದು ಸ್ಟ್ರಿಪ್‌ನಿಂದ ಕೆಲವು ಮೈಲಿ ದಕ್ಷಿಣಕ್ಕಿರುವ ಸೌತ್ ಪಾಯಿಂಟ್ ಹೋಟೆಲಿನಲ್ಲಿ. ಹೋಟೆಲಿಗೆ ಅಂಟಿಕೊಂಡೇ ಒಳಾಂಗಣ ಅಖಾಡ, ಸಾವಿರಕ್ಕೂ ಹೆಚ್ಚು ಕುದುರೆ ಕಟ್ಟುವಷ್ಟು ಲಾಯ. ಬೇರೆ ಬೇರೆ ದಿನ ಬೇರೆ ಬೇರೆ ವಿಭಾಗ, ಆದ್ದರಿಂದ ನಿಮಗೆ ಪರಿಚಯದವರು ಆಡುವ ದಿನ ನೋಡಿಕೊಂಡು ಹೋಗಿ. ಕಡಿಮೆ ಅಂಕಿಯ ವಿಭಾಗವೇ ನೋಡಲು ಚೆನ್ನ ಅಂತ ನನ್ನ ಅಭಿಪ್ರಾಯ. ಅಲ್ಲಿ ಆಡುವವರು ಮರುದಿನ ಕೆಲಸಕ್ಕೆ ಹೋಗುವ ಜನ. ಅವರ ಕೈ ನಡುಗುವುದು ಕಾಣುತ್ತದೆ, ಗೆದ್ದಾಗ ಅಳುವುದೂ ಕಾಣುತ್ತದೆ. ಹೋಟೆಲಿನಲ್ಲಿ ಕ್ಯಾಸಿನೋ ಮಧ್ಯೆಯೇ ಓಡಾಟ. 21 ತುಂಬದವರು ಅಲ್ಲಿ ನಿಲ್ಲುವ ಹಾಗಿಲ್ಲ, ಮಕ್ಕಳ ಕೈ ಹಿಡಿದು ದಾಟಿಬಿಡಿ.

ಅದೇ ದಿನಗಳಲ್ಲಿ ಥಾಮಸ್ ಅಂಡ್ ಮ್ಯಾಕ್ ಸೆಂಟರ್‌ನಲ್ಲಿ ವೃತ್ತಿಪರರ ನ್ಯಾಷನಲ್ ಫೈನಲ್ಸ್ ರೋಡಿಯೋ ಹತ್ತು ರಾತ್ರಿ ನಡೆಯುತ್ತದೆ. 2020 ಒಂದನ್ನು ಬಿಟ್ಟರೆ 1985ರಿಂದ ಅದು ವೇಗಸ್‌ನಲ್ಲಿದೆ. ಟಿಕೆಟ್ ದುಬಾರಿ. ನಾವು ಹೋಟೆಲಿನ ದೊಡ್ಡ ಪರದೆಯಲ್ಲಿ ನೋಡಿದೆವು. ಆದರೆ ಊರಿಡೀ ರೂಮು ಸಿಗುವುದು ಕಷ್ಟ. ನಾವು ತಡವಾಗಿ ಬುಕ್ ಮಾಡಿ ಪೆಟ್ಟು ತಿಂದೆವು. ನಾವಿದ್ದ ಹೋಟೆಲಿನವರು ರಾತ್ರಿಗೆ ಇಷ್ಟು ಅಂತ ಒಂದು ದರ ತೋರಿಸಿ, ಕೌಂಟರ್‌ನಲ್ಲಿ ರೆಸಾರ್ಟ್ ಫೀ ಬೇರೆ ಸೇರಿಸಿದರು. ಎರಡು ರೂಮಿಗೆ ಅದು ಸಣ್ಣ ಮೊತ್ತವಲ್ಲ. ಆಗಸ್ಟ್‌ನಲ್ಲೇ ರೂಮು ಹಿಡಿಯಿರಿ, ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಮಾತ್ರ ರಜೆ ಸಿಕ್ಕರೆ ವೇಗಸ್ ಬಿಡಿ, ವಿಕನ್‌ಬರ್ಗ್‌ಗೇ ಹೋಗಿ. ಅಲ್ಲಿ ರೋಪರ್ ಪಕ್ಕದಲ್ಲೇ ಕೂತು ಮಾತಾಡಬಹುದು.

ಗೆಳೆಯ ಅಪ್ಪನಿಗೆ ತನ್ನ ಹಳೆಯ ಹೀಲ್ ಹಗ್ಗ ಕೊಟ್ಟ. ಬಳಸಿ ಬಿರುಸು ಕಳೆದುಕೊಂಡ ಹಗ್ಗ ಅವರಿಗೆ ಬೇಡ. ಊರಿಗೆ ಒಯ್ಯುವವರು ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಸೂಟ್‌ಕೇಸಿನ ಒಳಸುತ್ತಿಗೆ ಹೊಂದುವ ಹಾಗೆ ಉಂಗುರ ಸುತ್ತಿ ಇಡಿ. ಕೈಚೀಲದಲ್ಲಿ ಬೇಡ, ಚೆಕ್-ಇನ್ ಸಾಮಾನಿನಲ್ಲೇ ಇರಲಿ. ಅಪ್ಪನ ಸೂಟ್‌ಕೇಸಿನಲ್ಲಿ ಮೊಮ್ಮಕ್ಕಳ ಚಾಕೊಲೇಟ್ ಅದರ ನಡುವಿನ ಗುಂಡಿಯಲ್ಲೇ ಕೂತಿತ್ತು.